ಹತ್ತು ಇನ್ನಿಂಗ್ಸ್, ಒಂದೂ ರನ್ ಇಲ್ಲ

ನಿನ್ನೆ ರಾತ್ರಿ 1991ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ (ಅಮೆರಿಕದ ಲೀಗ್‌ನ ಫೈನಲ್ ಸರಣಿ) ಏಳನೇ, ಅಂದರೆ ಕೊನೆಯ ಪಂದ್ಯವನ್ನು ಮತ್ತೆ ನೋಡಿದೆ. ಮಿನಿಯಾಪೊಲಿಸ್‌ನಲ್ಲಿ ಅಲ್ಲಿನದೇ ತಂಡ ಟ್ವಿನ್ಸ್, ಎದುರಿಗೆ ಅಟ್ಲಾಂಟಾ ಬ್ರೇವ್ಸ್. ಟ್ವಿನ್ಸ್‌ನ ಪಿಚರ್ (ಚೆಂಡು ಎಸೆಯುವವನು) ಜ್ಯಾಕ್ ಮಾರಿಸ್‌ಗೆ ಆಗ 36 ವರ್ಷ. ಪಕ್ಕದ ಸೇಂಟ್ ಪಾಲ್ ಊರಿನವನು.

ಎಂಟನೇ ಇನ್ನಿಂಗ್ಸ್‌ನಲ್ಲಿ ರನ್ನಿನ ಹಾದಿಯ ಮೂರೂ ಬೇಸ್‌ಗಳಲ್ಲಿ ಬ್ರೇವ್ಸ್ ಆಟಗಾರರು, ಔಟ್ ಆದವನು ಒಬ್ಬನೇ. ಬ್ರೇವ್ಸ್‌ನ ಸಿಡ್ ಬ್ರೀಮ್ ಹೊಡೆದ ಚೆಂಡು ಟ್ವಿನ್ಸ್‌ನ ಫಸ್ಟ್ ಬೇಸ್ ಕಾಯುವವನ ಕೈಗೆ, ಅಲ್ಲಿಂದ ಹೋಮ್‌ಗೆ (ರನ್ ಪೂರೈಸುವ ಜಾಗ), ತಿರುಗಿ ಫಸ್ಟ್‌ಗೆ. ಇಬ್ಬರೂ ಔಟ್, ಒಟ್ಟು ಮೂರಾಗಿ ಬ್ರೇವ್ಸ್ ಸರದಿ ಮುಗಿಯಿತು! ಫಲಿತಾಂಶ ಗೊತ್ತಿದ್ದರೂ ನನ್ನ ಎದೆ ಡವಡವ ಅನ್ನುತ್ತಿತ್ತು.

ಮಾಮೂಲಿನ ಒಂಬತ್ತು ಇನ್ನಿಂಗ್ಸ್ ಮುಗಿದಾಗ ಮ್ಯಾನೇಜರ್ ಸಾಕು ಅಂದರೂ ಕೇಳದೆ ಮಾರಿಸ್ ಹತ್ತನೆಯದನ್ನೂ ತಾನೇ ಎಸೆದ. ಒಟ್ಟು 126 ಎಸೆತ. ಕೊನೆಗೆ ಜೀನ್ ಲಾರ್ಕಿನ್ ಹೊಡೆತಕ್ಕೆ ಟ್ವಿನ್ಸ್‌ಗೆ 1-0 ಗೆಲುವು.

ಬ್ರೇವ್ಸ್‌ನ ಪಿಚರ್ ಜಾನ್ ಸ್ಮೋಲ್ಟ್ಜ್ ಕೂಡ ಎಂಟನೆಯದರವರೆಗೆ ಒಂದೂ ರನ್ ಬಿಟ್ಟಿರಲಿಲ್ಲ ಅಲ್ವಾ? ಅವನನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.