ನಾಲ್ಕನೇ ಕೂಗು

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಗೊತ್ತು ಕಣಮ್ಮ. ಕುಕ್ಕರ್ ಯಾರು ಆರಿಸ್ತಾರೆ ಅಂತ ಅಷ್ಟೇ ನಾನು ಹೇಳಿದ್ದು."

ಹೇಳಿದ್ದು ನಮ್ಮ ಧ್ಯಾನದ ಗುಂಪಿನ ಅಕ್ಕ. ವಯಸ್ಸಲ್ಲಿ ನಮ್ಮೆಲ್ಲರಿಗಿಂತ ದೊಡ್ಡವರು, ಅಭ್ಯಾಸದಲ್ಲೂ ಹಳಬರು. ಯಜಮಾನರು ತೀರಿಕೊಂಡು ಆರು ವಾರ ಆಗಿತ್ತು. ಅಷ್ಟೂ ದಿನ ಬಂದಿರಲಿಲ್ಲ. ಮೊನ್ನೆ ಬಂದರು. ಕಿಟಕಿ ಪಕ್ಕದ ತಮ್ಮ ಜಾಗದಲ್ಲೇ ಚಾಪೆ ಹಾಸಿಕೊಂಡು ಕೂತರು.

ನಾವು ಸೇರುವುದು ರಾಜಾಜಿನಗರದ ಒಂದು ಮನೆಯ ಮಹಡಿ ಕೋಣೆಯಲ್ಲಿ. ಒಂಬತ್ತು ಜನ. ಹೆಚ್ಚಿನವರು ತುಮಕೂರು ರಸ್ತೆ ಕಡೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡಿದವರು. ಇಬ್ಬರು ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೋ ಅವರ ಕ್ರಮದಲ್ಲಿ ಹೊಟ್ಟೆಯ ಏರಿಳಿತ ಗಮನಿಸುವವರು. ಗುರು ಅಂತ ನಮ್ಮಲ್ಲಿ ಯಾರೂ ಇಲ್ಲ. ವಾರಕ್ಕೊಬ್ಬರು ಗಂಟೆ ಬಾರಿಸುತ್ತೇವೆ. 45 ನಿಮಿಷ ಮೌನ. ಆಮೇಲೆ ಒಬ್ಬೊಬ್ಬರೇ ಮಾತಾಡುತ್ತೇವೆ. ಉಳಿದವರು ಸುಮ್ನೆ ಕೇಳಬೇಕು. ಉತ್ತರ ಇಲ್ಲ, ಸಲಹೆ ಇಲ್ಲ. ಈ ನಿಯಮ ಬೇಕು ಅಂತ ಹಟ ಹಿಡಿದವಳು ನಾನೇ. ಮೊನ್ನೆ ಗಂಟೆಯ ಸರದಿಯೂ ನನ್ನದೇ.

ಗುರು ಇಲ್ಲದೆ ಇದೆಲ್ಲ ಹೇಗೆ ಅಂತ ಕೆಲವರು ಕೇಳುತ್ತಾರೆ. ಕಲಿಯುವುದಕ್ಕೆ ಗುರು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಶಿಬಿರದಲ್ಲಿ ಕಲಿಸುವ ಈ ವಿದ್ಯೆಯನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಗೋಯೆಂಕಾ ಅವರು ವ್ಯಾಪಾರಿ. ಅವರಿಗೆ ಕಲಿಸಿದ ಸಯಾಜಿ ಉ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. ಇಬ್ಬರೂ ಸಂಸಾರಸ್ಥರು. ಅವರ ದಾರಿಯಲ್ಲಿ ಶಿಬಿರಕ್ಕೆ ಹೋಗಿ ಬಂದವರಿಗೆ ಗೊತ್ತು, ಕಷ್ಟ ಇರುವುದು ಹನ್ನೊಂದನೇ ದಿನದಿಂದ. ಮನೆ, ಆಫೀಸು, ಅಡುಗೆ, ಟ್ರಾಫಿಕ್. ಮೂರು ತಿಂಗಳಲ್ಲಿ ಅಭ್ಯಾಸ ಬಿಟ್ಟೇಹೋಗುತ್ತದೆ. ಪಕ್ಕದಲ್ಲಿ ಕೂರುವವರು ಇದ್ದರೆ ಉಳಿಯುತ್ತದೆ. ಒಳ್ಳೆಯ ಸ್ನೇಹಿತರಿದ್ದರೆ ಈ ದಾರಿಯ ಅರ್ಧ ಸಾಗಿದ ಹಾಗೆ ಅಂತ ಶಿಷ್ಯ ಆನಂದ ಹೇಳಿದಾಗ, ಬುದ್ಧ ಒಪ್ಪಲಿಲ್ಲ. ಅರ್ಧ ಅಲ್ಲ ಆನಂದ, ಪೂರ್ತಿ ಅದೇ ಅಂದರು. ಕಲ್ಯಾಣಮಿತ್ರರು ಅನ್ನುವ ಆ ಮಾತಿನ ಮೇಲೆಯೇ ನಮ್ಮ ಗುಂಪು ಶುರುವಾದದ್ದು.

ಮೊನ್ನೆ ಮೌನದ ಮಧ್ಯೆ ಕೆಳಗಿನ ಮನೆಯ ಕುಕ್ಕರ್ ಕೂಗಿತು. ನಾನು ಅದನ್ನು ಶಬ್ದ ಅಂತ ಗಮನಿಸಿ ಉಸಿರಿಗೆ ವಾಪಸ್ ಬಂದೆ. ಗಂಟೆ ಬಾರಿಸಿದ ಮೇಲೆ ಮೊದಲು ಮಾತಾಡಿದ್ದು ಅಕ್ಕ.

"ಕುಕ್ಕರ್ ಮೂರು ಸಲ ಕೂಗಿತು," ಅಂದರು. "ನಾನು ಬೆಳಿಗ್ಗೆ ಕೂರೋ ಮುಂಚೆ ಅನ್ನಕ್ಕೆ ಇಟ್ಟು ಕೂರ್ತಿದ್ದೆ. ಮೂರು ಕೂಗಿದ್ರೆ ಇವರು ಎದ್ದು ಹೋಗಿ ಆರಿಸೋರು. ನಾನು ಕಣ್ಣು ಬಿಡಬಾರದು ಅಂತ. ಇವತ್ತು ಮೂರು ಕೂಗಿತು, ಯಾರೂ ಏಳಲಿಲ್ಲ. ನಾಲ್ಕನೇದೂ ಕೂಗಿತು."

ಅಷ್ಟು ಹೇಳಿ ನಿಲ್ಲಿಸಿದರು. ಮುಗಿದಿರಲಿಲ್ಲ, ಅದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಗ ನಾನು, ಅನಿತ್ಯಕ್ಕೆ ಪಾಲಿಯಲ್ಲಿ ಹೇಳುವ ಪದ ಹಿಡಿದು, ಬಾಯಿ ಹಾಕಿದೆ.

"ಎಲ್ಲಾ ಅನಿಚ್ಚ ಅಲ್ವಾ ಅಕ್ಕ. ಬಂದಿದ್ದು ಹೋಗಲೇಬೇಕು."

ಅವರು ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ಗೊತ್ತು ಕಣಮ್ಮ. ಕುಕ್ಕರ್ ಯಾರು ಆರಿಸ್ತಾರೆ ಅಂತ ಅಷ್ಟೇ ನಾನು ಹೇಳಿದ್ದು."

ಆಮೇಲೆ ಅವರು ಮಾತಾಡಲಿಲ್ಲ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಯಾರಾದರೂ ಪಾಲಿ ಪದ ತಪ್ಪಾಗಿ ಹೇಳಿದರೆ ಅಲ್ಲೇ ತಿದ್ದುತ್ತಾರೆ. ಅವರ ಬಗ್ಗೆ ನನಗೆ ಒಳಗೊಳಗೇ ಬೇಸರ ಇತ್ತು. ಮೊನ್ನೆ ಅವರು ತಮ್ಮ ನೀರಿನ ಲೋಟವನ್ನು ಮೆಲ್ಲಗೆ ಅಕ್ಕನ ಕಡೆ ಸರಿಸಿದರು. ಒಂದು ಮಾತೂ ಆಡಲಿಲ್ಲ. ಅವರ ಬಗ್ಗೆ ಇಷ್ಟು ದಿನ ನಾನು ಅಂದುಕೊಂಡಿದ್ದು ತಪ್ಪು.

ಸೋಮವಾರ ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ಅದೇ ದೃಶ್ಯ ಬಂತು. ಮಂಗಳವಾರವೂ ಬಂತು. ತಳ್ಳಲಿಲ್ಲ, ನೋಡಿದೆ. ಅಕ್ಕ "ನಾಲ್ಕನೇದೂ ಕೂಗಿತು" ಅಂದ ಕ್ಷಣ ನನ್ನ ಗಂಟಲು ಬಿಗಿದಿತ್ತು. ಎದೆಯ ಮೇಲೆ ಭಾರ. ಅದನ್ನು ತಡೆಯಲಾಗದೆ ಮಾತಾಡಿದ್ದೆ. ಅಕ್ಕನಿಗೆ ಸಮಾಧಾನ ಹೇಳಿದೆ ಅಂದುಕೊಂಡಿದ್ದೆ. ಹೇಳಿಕೊಂಡಿದ್ದು ನನಗೆ.

ಶಿಬಿರದಲ್ಲಿ ನಾಲ್ಕನೇ ದಿನದಿಂದ ಅಧಿಷ್ಠಾನ ಇರುತ್ತದೆ. ಒಂದು ಗಂಟೆ ಕೈ, ಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವುದು. ಮಂಡಿ ಸಿಡಿದುಹೋಗುತ್ತದೇನೋ ಅನ್ನಿಸುತ್ತದೆ. ಆದರೂ ಕೂತಿದ್ದೇನೆ, ಎಷ್ಟೋ ಸಲ. ವೇದನೆ ಏಳುತ್ತದೆ, ಇಳಿಯುತ್ತದೆ, ಪ್ರತಿಕ್ರಿಯೆ ಮಾಡಬೇಡ. ಇದೇ ಅಲ್ವಾ ನಾವು ಕಲಿತಿದ್ದು? ನನ್ನ ಮಂಡಿ ನೋವಿನ ಜೊತೆ ಒಂದು ಗಂಟೆ ಕೂತವಳಿಗೆ ಅಕ್ಕನ ದುಃಖದ ಜೊತೆ ಒಂದು ನಿಮಿಷ ಕೂರಲು ಆಗಲಿಲ್ಲ. ಓಡಿಹೋಗಲು ಅನಿಚ್ಚ ಅನ್ನುವ ಪದವನ್ನೇ ಬಾಗಿಲು ಮಾಡಿಕೊಂಡೆ. ಅದಕ್ಕೇ ನನಗೆ ಇಷ್ಟು ನೋವು.

ಬುದ್ಧನೂ ಅದೇ ಹೇಳಿದ್ದಲ್ವಾ ಅಂತ ಮನಸ್ಸು ವಾದ ಮಾಡಿತು. ಹೌದು, ಹೇಳಿದ್ದಾರೆ. ಕುಶಿನಾರದಲ್ಲಿ ಅವರು ಕೊನೆಯುಸಿರಿಗೆ ಹತ್ತಿರವಾಗಿದ್ದಾಗ ಆನಂದ ಒಳಗೆ ಹೋಗಿ ಬಾಗಿಲಿಗೆ ಒರಗಿ ಅಳುತ್ತಿದ್ದ. ಪ್ರೀತಿಪಾತ್ರವಾದದ್ದೆಲ್ಲ ಅಗಲುತ್ತದೆ ಅಂತ ಮೊದಲೇ ಹೇಳಿರಲಿಲ್ಲವೇ ಅಂತ ಬುದ್ಧ ಕೇಳಿದರು. ಬುಧವಾರ ರಾತ್ರಿ ಆ ಭಾಗ ಮತ್ತೆ ಓದಿದೆ. ಆ ಮಾತಿಗಿಂತ ಮುಂಚೆ ಅವರು ಕೇಳಿದ್ದು, ಆನಂದ ಎಲ್ಲಿ ಅಂತ. ಹೇಳಿಕಳಿಸಿ ಹತ್ತಿರ ಕರೆಸಿಕೊಂಡರು. ಆ ಮಾತಿನ ನಂತರ, ಇಷ್ಟು ಕಾಲ ನೀನು ನನ್ನನ್ನು ಪ್ರೀತಿಯಿಂದ ನೋಡಿಕೊಂಡೆ ಅಂದರು. ಎಲ್ಲ ಭಿಕ್ಷುಗಳ ಮುಂದೆ ಅವನನ್ನು ಹೊಗಳಿದರು. ನಾನು ಹಿಂದಿನದೂ ಮುಂದಿನದೂ ಬಿಟ್ಟು, ಮಧ್ಯದ ಒಂದು ಸಾಲು ಮಾತ್ರ ಎತ್ತಿಕೊಂಡಿದ್ದೆ.

ಆನಂದ ಇಪ್ಪತ್ತೈದು ವರ್ಷ ಬುದ್ಧನ ಸೇವೆ ಮಾಡಿದವನು. ಅಕ್ಕನ ಯಜಮಾನರು ಒಂದು ದಿನವೂ ಧ್ಯಾನಕ್ಕೆ ಕೂತವರಲ್ಲವಂತೆ. ಆದರೆ ಅಕ್ಕ ಅಲುಗಾಡದೆ ಕೂತ ಒಂದೊಂದು ಬೆಳಿಗ್ಗೆಯ ಹಿಂದೆಯೂ ಅಡುಗೆಮನೆಗೆ ಎದ್ದು ಹೋದ ಅವರಿದ್ದರು. ನಾವು ಕಲ್ಯಾಣಮಿತ್ರರು ಅಂತ ಒಂಬತ್ತು ಜನ ಲೆಕ್ಕ ಹಾಕಿಕೊಂಡಿದ್ದೆವು. ಅವರು ಲೆಕ್ಕದಲ್ಲೇ ಇರಲಿಲ್ಲ.

ಗುರುವಾರ ಫೋನ್ ಮಾಡಿದೆ. ತಪ್ಪಾಯಿತು ಅಕ್ಕ, ಭಾನುವಾರ ನಾನು ಬಾಯಿ ಹಾಕಬಾರದಿತ್ತು ಅಂದೆ.

"ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದ್ದೀಯಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ.

"ಈಗ ಕೂರೋ ಮುಂಚೆ ಕುಕ್ಕರ್ ಇಡಲ್ಲ ಕಣೆ. ಎದ್ದ ಮೇಲೆ ಇಡ್ತೀನಿ," ಅಂದರು. ಮತ್ತೆ ಮೌನ. ಆಮೇಲೆ ಸಣ್ಣಗೆ ನಕ್ಕ ಸದ್ದು ಕೇಳಿಸಿತು.

"ಇವರಿಗೆ ಅನ್ನ ಮೆತ್ತಗಿರಬೇಕು. ನನಗೆ ಉದುರಾಗಿರಬೇಕು. ಅದಕ್ಕೇ ಒಂದೊಂದು ದಿನ ಬೇಕು ಅಂತಲೇ ನಾಲ್ಕು ಕೂಗಿಸಿಬಿಡೋರು. ನಾನು ಕಣ್ಣು ಬಿಡಲ್ಲ ಅಂತ ಗೊತ್ತಿತ್ತಲ್ಲ ಅವರಿಗೆ."