ಬ್ಯಾಕಪ್ ಸರ್ವರ್ ಕೆಲಸ: ಕಿಲ್ -9ಕ್ಕೂ ಜಗ್ಗದ ಆರ್‌ಸಿಂಕ್

ಸದ್ಯದ ಸ್ಥಿತಿ: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲಿನ ರಾತ್ರಿ ಬ್ಯಾಕಪ್ ಈಗ ನಡುವೆ ಸಿಕ್ಕಿಕೊಳ್ಳದೆ ಮುಗಿಯುತ್ತಿದೆ. ಡಿಸ್ಕ್ ಬದಲಿಸುವುದು ಬಾಕಿ.

ತೊಂದರೆ ಕಂಡದ್ದು ಹೀಗೆ. ಬ್ಯಾಕಪ್‌ಗೆ ಕಡತ ನಕಲಿಸುವ ಆರ್‌ಸಿಂಕ್‌ನ ಸಿಪಿಯು ಬಳಕೆ 0, ಆದರೆ ಲೋಡ್ ಆವರೇಜ್ (ಯಂತ್ರದ ಮೇಲಿನ ಹೊರೆಯ ಸರಾಸರಿ) ಏರುತ್ತಲೇ ಇತ್ತು. ಕಿಲ್ -15 (ನಿಲ್ಲು ಎಂದು ಕೇಳುವ ಸಿಗ್ನಲ್) ಆಯಿತು, ಕಿಲ್ -9 (ಬಲವಂತವಾಗಿ ಕೊಲ್ಲುವ ಸಿಗ್ನಲ್) ಆಯಿತು, ಪ್ರೊಸೆಸ್, ಅಂದರೆ ಓಡುತ್ತಿರುವ ಆ ಪ್ರೋಗ್ರಾಂ, ಅಲ್ಲೇ ಕೂತಿತ್ತು. ಇಂಥಲ್ಲಿ ಕಿಲ್ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಆಜ್ಞೆಯ ಸ್ಟ್ಯಾಟ್ (ಸ್ಥಿತಿ) ಕಾಲಂ ನೋಡಬೇಕು.

ಅಲ್ಲಿ 'ಝಡ್' ಇದ್ದರೆ ಪ್ರೊಸೆಸ್ ಆಗಲೇ ಸತ್ತಿದೆ, ಅದನ್ನು ಹುಟ್ಟಿಸಿದ ತಂದೆ ಪ್ರೊಸೆಸ್ ಅದರ ಲೆಕ್ಕ ಮುಗಿಸಿಲ್ಲ, ಅಷ್ಟೇ. ತಂದೆಯನ್ನು ಕೊನೆಗೊಳಿಸಿದರೆ ಮೊದಲ ಪ್ರೊಸೆಸ್ ಆದ ಇನಿಟ್ ಅದನ್ನು ಗುಡಿಸಿ ಹಾಕುತ್ತದೆ. 'ಟಿ' ಇದ್ದರೆ ತಡೆದು ನಿಲ್ಲಿಸಲಾಗಿದೆ. ಕಂಟಿನ್ಯೂ ಸಿಗ್ನಲ್ ಕೊಡುವವರೆಗೂ -15 ಕಾಯುತ್ತದೆ, -9 ಮಾತ್ರ ತಕ್ಷಣ ತಾಗುತ್ತದೆ. ಇಲ್ಲಿ ಇದ್ದದ್ದು 'ಡಿ': ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಡಿಸ್ಕಿನ ಉತ್ತರಕ್ಕೆ ಕಾಯುವ, ಎಬ್ಬಿಸಲಾಗದ ನಿದ್ದೆ. ಲಿನಕ್ಸ್ ಇದನ್ನೂ ಲೋಡ್ ಲೆಕ್ಕಕ್ಕೆ ಹಿಡಿಯುತ್ತದೆ. ಕಳಿಸಿದ -9 ಕಳೆದುಹೋಗಿರಲಿಲ್ಲ. ಪ್ರೊಸೆಸ್‌ಗಳ ವಿವರ ತೋರಿಸುವ ಪ್ರೋಕ್ ಫೋಲ್ಡರ್‌ನಲ್ಲಿ ಆ ಪ್ರೊಸೆಸ್‌ನ ಸ್ಟೇಟಸ್ ಕಡತ ತೆರೆದರೆ, ಬಾಕಿ ಸಿಗ್ನಲ್‌ಗಳನ್ನು ತೋರಿಸುವ ಎಸ್‌ಎಚ್‌ಡಿಪಿಎನ್‌ಡಿ (ShdPnd) ಸಾಲಿನ ಕೊನೆಯಲ್ಲಿ 100 ಇತ್ತು. ಹೆಕ್ಸ್ ಲೆಕ್ಕದ ಈ 100 ಅಂದರೆ 9ನೇ ಬಿಟ್, ಅದೇ ಬಾಕಿ ನಿಂತ 9ನೇ ಸಿಗ್ನಲ್. ಕರ್ನಲ್ ಕರೆ ಮುಗಿದು ಹಿಂದಿರುಗಿದ ಕ್ಷಣ ಅದು ಕೆಲಸ ಮಾಡುತ್ತದೆ.

ಕರ್ನಲ್ ಸಂದೇಶಗಳ ದಾಖಲೆಯಾದ ಡಿಮೆಸೇಜ್‌ನಲ್ಲಿ (dmesg) ಯುಎಎಸ್ (ಯುಎಸ್‌ಬಿ ಡಿಸ್ಕುಗಳ ವೇಗದ ಚಾಲಕ) ಅಬಾರ್ಟ್ ಸಾಲುಗಳು, ಜೊತೆಗೆ 120 ಸೆಕೆಂಡು ದಾಟಿದ ಟಾಸ್ಕ್ ಎಂಬ ಎಚ್ಚರಿಕೆ. ಡಿಸ್ಕ್ ಆದೇಶಕ್ಕೆ ಕರ್ನಲ್ ಮಾಮೂಲಾಗಿ 30 ಸೆಕೆಂಡು ಕಾಯುತ್ತದೆ, ಆಮೇಲೆ ರಿಸೆಟ್, ಮತ್ತೆ ಪ್ರಯತ್ನ. ಕೆಟ್ಟ ಸೆಕ್ಟರ್ ಓದಲು ಡಿಸ್ಕ್ ತಾನೇ ಅದಕ್ಕಿಂತ ಹೆಚ್ಚು ಹೊತ್ತು ಹೆಣಗಿದರೆ ಈ ಸುತ್ತು ಮುಗಿಯುವುದೇ ಇಲ್ಲ.

ಕೊನೆಗೆ ಯುಎಸ್‌ಬಿ ಕೇಬಲ್ ಎಳೆದಾಗ ಕಾಯುತ್ತಿದ್ದ ಆದೇಶಗಳೆಲ್ಲ ದೋಷದೊಂದಿಗೆ ಹಿಂದಿರುಗಿ, ಆರ್‌ಸಿಂಕ್ ತಟ್ಟನೆ ಸತ್ತಿತು. ಬರೆಯದೆ ಉಳಿದ ದತ್ತಾಂಶ ಹೋಗುತ್ತದೆ, ಆದ್ದರಿಂದ ಮರುಜೋಡಿಸಿದ ಮೇಲೆ ಮೌಂಟ್ ಮಾಡುವ (ಬಳಕೆಗೆ ತೆರೆಯುವ) ಮೊದಲು ಕಡತ ವ್ಯವಸ್ಥೆ ಪರೀಕ್ಷಿಸುವ ಎಫ್‌ಎಸ್‌ಸಿಕೆ (fsck) ಓಡಿಸಲೇಬೇಕು. ಕೇಬಲ್‌ಗೂ ಬಗ್ಗದಿದ್ದರೆ ಸಾಧಾರಣ ರೀಬೂಟ್ ಕೂಡ ತೂಗಾಡುತ್ತದೆ, ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಪ್ರತಿ ಹಂತಕ್ಕೂ 90 ಸೆಕೆಂಡು ಕಾಯುವುದರಿಂದ. ಆಗ ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಕಡತಕ್ಕೆ ಎಸ್ (ಬಾಕಿ ದತ್ತಾಂಶ ಡಿಸ್ಕಿಗೆ ಬರೆ), ಯು (ಡಿಸ್ಕುಗಳನ್ನು ಓದಲು ಮಾತ್ರ ಬಿಡು), ಬಿ (ತಕ್ಷಣ ರೀಬೂಟ್) ಇದೇ ಕ್ರಮದಲ್ಲಿ, ನಡುವೆ ಕೆಲವು ಸೆಕೆಂಡು ಬಿಟ್ಟು ಬರೆಯಬೇಕು. ಮೊದಲೇ ಬಿ ಬರೆದರೆ ಉಳಿದ ಒಳ್ಳೆಯ ಡಿಸ್ಕುಗಳಿಗೂ ಪೆಟ್ಟು.

ಮರುಕಳಿಸದಂತೆ ಮಾಡಿದ್ದು: ಬೂಟ್ ಆಗುವಾಗ ಓದುವ ಕರ್ನಲ್ ಆಜ್ಞಾಸಾಲಿನ ಕಡತದಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್ (ಸಾಧನವಾರು ವಿನಾಯಿತಿ) ಆಯ್ಕೆಗೆ ಡಿಸ್ಕ್ ಪೆಟ್ಟಿಗೆಯ ವೆಂಡರ್ ಮತ್ತು ಪ್ರಾಡಕ್ಟ್ ಸಂಖ್ಯೆ, ಕೊನೆಗೆ ಸಣ್ಣ ಯು ಅಕ್ಷರ. ಇದರಿಂದ ಯುಎಎಸ್ ಚಾಲಕ ಆ ಪೆಟ್ಟಿಗೆಯ ತಂಟೆಗೆ ಹೋಗುವುದಿಲ್ಲ. ಆ ಕಡತ ಒಂದೇ ಸಾಲಿನಲ್ಲಿರಬೇಕು. ಎಂಟರ್ ಒತ್ತಿ ಕೆಳಗೆ ಬರೆದರೆ ಆಯ್ಕೆ ತಾಗುವುದಿಲ್ಲ. ವೇಗ ಸ್ವಲ್ಪ ಇಳಿದಿದೆ, ರಾತ್ರಿ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಪೈ 4ರ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ ಸಿಗುವುದು 1.2 ಆಂಪಿಯರ್, ಹಾಗಾಗಿ ಡಿಸ್ಕ್ ಈಗ ಸ್ವಂತ ವಿದ್ಯುತ್ ಇರುವ ಹಬ್‌ನಲ್ಲಿದೆ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ 197ನೇ ಅಂಕಿ, ಓದಲಾಗದೆ ಬಾಕಿ ನಿಂತ ಸೆಕ್ಟರ್‌ಗಳದ್ದು, ಇನ್ನೂ 16ರಲ್ಲಿದೆ. ಹೊಸ ಡಿಸ್ಕ್ ಬರುವವರೆಗೆ ಇದರಲ್ಲಿರುವುದು ಎರಡನೇ ಪ್ರತಿ ಮಾತ್ರ.