ಪಾಂಟನಾಲ್‌ನಲ್ಲಿ ಮರ ನೋಡಬೇಡಿ, ದಡ ನೋಡಿ

ಬ್ರೆಜಿಲ್‌ನ ಪಾಂಟನಾಲ್ ಜೌಗು ಪ್ರದೇಶಕ್ಕೆ, ಚಿರತೆಯನ್ನೇ ಹೋಲುವ ದೊಡ್ಡ ಬೆಕ್ಕು ಜಾಗ್ವಾರ್ ತೋರಿಸಲು ಗುಂಪು ಕರೆದುಕೊಂಡು ಹೋಗುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕಬಿನಿಯಲ್ಲಿ ಪಳಗಿದ ಫೋಟೋಗ್ರಾಫರ್‌ಗಳು. ಆ ಕಬಿನಿ ಅಭ್ಯಾಸವೇ ಇಲ್ಲಿ ಅಡ್ಡಿ. ಅದಕ್ಕೇ ದೋಣಿ ಹತ್ತುವ ನದಿದಡದ ಜಾಗ ಪೋರ್ಟೊ ಜೋಫ್ರೆ ತಲುಪಿದ ರಾತ್ರಿ, ಊಟದ ಹೊತ್ತಲ್ಲೇ ಎಲ್ಲ ಹೇಳಿಬಿಡುತ್ತೇನೆ. ದೋಣಿಯಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಚಿರತೆ ಹುಡುಕಿ ರೂಢಿಯಾದ ಕಣ್ಣು ಕೊಂಬೆಗಳ ಮೇಲೇ ಓಡುತ್ತದೆ. ಕಬಿನಿಯಲ್ಲಿ ಹುಲಿ ಇದೆ, ಚಿರತೆಗೆ ಮರ ಬೇಕೇ ಬೇಕು. ಇಲ್ಲಿ ಜಾಗ್ವಾರ್‌ಗೆ ಯಾರ ಭಯ? ದೊಡ್ಡ ಗಂಡು ನೂರು ಕಿಲೋ ದಾಟುತ್ತದೆ. ರಾಜಾರೋಷವಾಗಿ ದಡದಲ್ಲೇ ನಡೆಯುತ್ತದೆ, ಬೇಕೆಂದಾಗ ನದಿಗಿಳಿದು ಈಜುತ್ತದೆ. ಆದ್ದರಿಂದ ನೀರಂಚು ನೋಡಿ, ಪೊದೆಯ ಕೆಳಗಿನ ನೆರಳು ನೋಡಿ. ಇಲಿ ಜಾತಿಯಲ್ಲೇ ದೊಡ್ಡದಾದ ಕ್ಯಾಪಿಬಾರಾ ಬೊಗಳಿ ನೀರಿಗೆ ಹಾರಿದರೆ, ನಮ್ಮಲ್ಲಿ ಹುಲಿ ಕಂಡು ಮುಸುವ ಕೂಗಿದಷ್ಟೇ ಗಂಭೀರ.

ಜೀಪ್‌ನಲ್ಲಿ ಡ್ರೈವರ್‌ಗೆ "ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ" ಅನ್ನುವ ಚಾಳಿ ಇರುತ್ತಲ್ವಾ, ಅದನ್ನೂ ಬಿಡಿ. ಪ್ರಾಣಿ ನಡೆಯತೊಡಗಿದರೆ ದೋಣಿಯವನು ಅದರ ಹಿಂದೆ ಹೋಗುವುದಿಲ್ಲ. ಮುಂದೆ ಹೋಗಿ, ಇಂಜಿನ್ ಆರಿಸಿ ಕಾಯುತ್ತಾನೆ. ಜಾಗ್ವಾರ್ ತಾನೇ ನಮ್ಮೆದುರಿಗೆ ಬರುತ್ತದೆ. ಅವನ ಕೆಲಸಕ್ಕೆ ನಾನೂ ಕೈ ಹಾಕುವುದಿಲ್ಲ.

ಬೇಟೆ ನೋಡಲು ಸಿಕ್ಕರೆ ಅದು ಕೆಲವೇ ಸೆಕೆಂಡ್. ಕೆಳಗೆ ಕೇಮನ್ ಮೊಸಳೆ ಬಿಸಿಲು ಕಾಯಿಸುತ್ತಿರುತ್ತದೆ. ಮೇಲೆ ಹುಲ್ಲಲ್ಲಿ ಜಾಗ್ವಾರ್ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿರುತ್ತದೆ. ಹೊಂಬಣ್ಣದ ಮೈ, ಕರಿ ಬಳೆಗಳ ಒಳಗೆ ಸಣ್ಣ ಚುಕ್ಕೆಗಳು. ಆಮೇಲೆ ಒಂದೇ ನೆಗೆತ. ಕುತ್ತಿಗೆ ಹಿಸುಕುವ ಗೋಜಿಗೇ ಹೋಗದೆ ತಲೆಯ ಹಿಂಭಾಗಕ್ಕೇ ಹಲ್ಲು ಇಳಿಸುತ್ತದೆ. ಈ ಹೊತ್ತಲ್ಲಿ, ಆಗಲೇ ತೆಗೆದ ಫೋಟೋ ಹೇಗೆ ಬಂತು ಅಂತ ಸ್ಕ್ರೀನ್ ನೋಡುತ್ತಾ ಕೂತವರಿಗೆ ಉಳಿಯುವುದು ಕದಡಿದ ನೀರಿನ ಚಿತ್ರ.

ಜಾಸ್ತಿ ಜಗಳ ಊಟದ್ದು. ಕಬಿನಿ ಸಫಾರಿ ಅಂದರೆ ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ರೆಸಾರ್ಟ್‌ನಲ್ಲಿ ಊಟ, ನಿದ್ದೆ. ಇಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ನೀರು ಇಳಿದು ಮರಳು ದಂಡೆ ಮೇಲೇಳುತ್ತದೆ. ನಡು ಮಧ್ಯಾಹ್ನವೂ ಜಾಗ್ವಾರ್ ಬೇಟೆಗಿಳಿಯುತ್ತದೆ. ಹಾಗಾಗಿ ಬುತ್ತಿ ದೋಣಿಗೇ ಬರುತ್ತದೆ. ಗೊಣಗುವವರು ಗೊಣಗಲಿ, ಚಟ್ನಿಪುಡಿ ಡಬ್ಬಿ ಮಾತ್ರ ನಾನು ಮರೆಯುವುದಿಲ್ಲ.